ಮುಖವಿಲ್ಲದ ಬೆನ್ನು

“ಇದು ನಾನು ಮಾಡಿದ್ದಲ್ಲ.”

ಮುರಿದ ಕ್ಲ್ಯಾಂಪಿನ ಅರ್ಧ ತುಂಡು ಕೈಗೆ ಬಂದು ಎರಡು ಕ್ಷಣವೂ ಆಗಿರಲಿಲ್ಲ. ಪದರದ ಮೇಡಂ ಅದನ್ನು ತಿರುಗಿಸಿಯೂ ನೋಡಲಿಲ್ಲ. ಅಂಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿದರು, ಅಷ್ಟೇ.

“ನೋಡದೇನೇ ಹೇಳ್ತಿದೀರಲ್ಲ?” ಎಂದಳು ಇನ್‌ಸ್ಪೆಕ್ಟರ್.

“ನೋಡೋದೇನಿದೆ, ಭಾರನೇ ಹೇಳುತ್ತಲ್ಲ. ನಾನು ಮಾಡಿದ್ದು ಇದರ ಅರ್ಧ ತೂಕನೂ ಇರಲ್ಲ.”

ನಾಲ್ಕು ದಿನದ ಹಿಂದೆ, ಬೆಳಗ್ಗೆ ಹತ್ತೂವರೆಗೆ, ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಹದಿನೈದು ಜನ ಅತಿಥಿಗಳ ಕಣ್ಣೆದುರೇ ಲೋಹ ಕಡೆಯುವ ಲೇತ್ ಯಂತ್ರದಿಂದ, ತಿರುಗುವ ಲೋಹವನ್ನು ಬಿಗಿಹಿಡಿಯುವ ಈ ಕ್ಲ್ಯಾಂಪ್ ಸಿಡಿದು, ಮೂವತ್ತು ವರ್ಷ ಅದೇ ಲೇತ್ ನಡೆಸಿದ್ದ ಲೇತಣ್ಣನ ಪ್ರಾಣ ತೆಗೆದಿತ್ತು. ಕ್ಲ್ಯಾಂಪ್ ಪದರದ ಮೇಡಂ ಅವರದ್ದು ಎಂದು ಎಲ್ಲರಿಗೂ ಗೊತ್ತು. ಅಂದು ಸಂಜೆಯೇ ಅವರನ್ನು ಕೆಲಸದಿಂದ ಅಮಾನತು ಮಾಡಿದ್ದರು. ಮುರಿದ ತುಂಡನ್ನು ಪೊಲೀಸರು ಚೀಲಕ್ಕೆ ಹಾಕಿ ಮೊಹರು ಮಾಡಿದ್ದರಿಂದ ಅವರು ಅದನ್ನು ಹತ್ತಿರದಿಂದ ಕಂಡದ್ದು ಇವತ್ತೇ.

ಮೇಡಂ ಎದ್ದುಹೋಗಿ ಒಳಗಿನಿಂದ ಸಣ್ಣದೊಂದು ಲೋಹದ ಬಿಲ್ಲೆ ತಂದರು. ನಡುವೆ ಸೀಳಿದ ಬಿಲ್ಲೆ. ಸೀಳಿದ ಮುಖದ ತುಂಬ ಸಣ್ಣ ಸಣ್ಣ ಆರುಮೂಲೆಯ ಕಣ್ಣುಗಳು, ಜೇನುಗೂಡಿನ ಹಾಗೆ.

“ನಮ್ಮ ಯಂತ್ರ ಉಕ್ಕಿನ ಪುಡೀನ ಒಂದರ ಮೇಲೊಂದು ಪದರ ಹರಡಿ ಕರಗಿಸ್ತಾ ಹೋಗುತ್ತೆ. ಹೊರಗೆ ಗಟ್ಟಿ, ಒಳಗೆ ಹೀಗೆ ಜೇನುಗೂಡು. ಅದಕ್ಕೇ ಹಗುರ. ಲೇತ್ ಜೋರಾಗಿ ತಿರುಗುವಾಗ ಬರೋ ನಡುಕಾನೂ ಇದೇ ನುಂಗಿಬಿಡುತ್ತೆ. ಈಗ ನಿಮ್ಮ ತುಂಡು ನೋಡಿ.”

ಇನ್‌ಸ್ಪೆಕ್ಟರ್ ನೋಡಿದಳು. ಮುರಿದ ಕಡೆ ಬೂದು ಬಣ್ಣ, ಸಕ್ಕರೆ ಹರಳಿನಂಥ ಒರಟು. ಒಂದು ಮೂಲೆಯಲ್ಲಿ ಅವರೆಕಾಳಿನಷ್ಟು ದೊಡ್ಡ ಗುಳ್ಳೆ. ಜೇನುಗೂಡಿನ ಸುಳಿವೇ ಇಲ್ಲ.

“ಇದು ಬೀಡು,” ಎಂದರು ಮೇಡಂ. “ಕಾಯಿಸಿ ಮರಳಿನ ಅಚ್ಚಿಗೆ ಸುರಿದ ಬೀಡುಕಬ್ಬಿಣ. ಹೊರಗಿಂದ ನನ್ನದರ ಹಾಗೇ ಉಜ್ಜಿ, ಕಪ್ಪು ಹಾಕಿದ್ದಾರೆ. ಆ ವೇಗಕ್ಕೆ ಬೀಡನ್ನ ಕಟ್ಟಿದ್ರೆ ಸಿಡಿಯದೆ ಇನ್ನೇನಾಗುತ್ತೆ?”

“ನಿಮ್ಮ ಕಾಲೇಜಿನಲ್ಲಿ ಬೀಡು ಎರಕ ಹೊಯ್ಯೋರು ಯಾರು?”

ಮೇಡಂ ಆ ಸೀಳಿದ ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದ ಅವರ ಅತ್ತೆ ತಡೆಯಲಾರದೆ ಹೇಳಿಬಿಟ್ಟರು.

“ಇನ್ಯಾರಮ್ಮಾ, ಇವಳ ಮೇಷ್ಟ್ರೇ. ಎರಕದ ಮೇಷ್ಟ್ರು.”

“ಅತ್ತೆ, ಸುಮ್ನಿರಿ!” ಸೊಸೆಯ ದನಿ ಒಡೆಯಿತು. “ಮೇಡಂ, ನಮ್ಮ ಮೇಷ್ಟ್ರು ಹಾಗೆ ಮಾಡೋರಲ್ಲ. ಬೇರೆ ಯಾರನ್ನಾದ್ರೂ ಕೇಳಿ. ನನ್ನನ್ನೇ ಬೇಕಾದ್ರೆ ಒಳಗೆ ಹಾಕಿ.”

“ನಾಲ್ಕು ದಿನದಿಂದ ಒಂದು ತುತ್ತು ಸರಿಯಾಗಿ ತಿಂದಿಲ್ಲ ಇವಳು,” ಎಂದರು ಅತ್ತೆ, ಇನ್‌ಸ್ಪೆಕ್ಟರಿಗೆ ಅಲ್ಲ, ಗೋಡೆಗೆ.

* * *

ಕಾಲೇಜಿನ ಉದ್ದ ಕಾರಿಡಾರಿನಲ್ಲಿ ದಫೇದಾರ್ ಒಂದು ಬೋರ್ಡಿನ ಮುಂದೆ ಕತ್ತು ಎತ್ತಿ ನಿಂತಿದ್ದ. ಕೈಗಾರಿಕೆ ಮತ್ತು ಉತ್ಪಾದನಾ ಇಂಜಿನಿಯರಿಂಗ್ ವಿಭಾಗ ಎಂದು ಮೇಲೆ ದಪ್ಪ ಅಕ್ಷರ. ಕೆಳಗೆ ಸಾಲಾಗಿ ಅಧ್ಯಾಪಕರ ಫೋಟೋ, ಪ್ರತಿ ಫೋಟೋದ ಕೆಳಗೆ ‘ಸಂಶೋಧನಾ ಆಸಕ್ತಿಗಳು’.

“ಮೇಡಂ, ನಮ್ಮ ಸ್ಟೇಷನ್ನಲ್ಲೂ ಹೀಗೊಂದು ಬೋರ್ಡ್ ಹಾಕಿದ್ರೆ ನನ್ನ ಫೋಟೋ ಕೆಳಗೆ ಏನು ಬರೀತಾರೆ? ಆಸಕ್ತಿ: ಮಧ್ಯಾಹ್ನದ ನಿದ್ದೆ.”

“ಅದು ಆಸಕ್ತಿ ಅಲ್ಲ ದಫೇದಾರ್ರೇ, ಸಾಧನೆ.”

ಈ ಬೋರ್ಡ್ ನೋಡಿಯೇ ವಿದ್ಯಾರ್ಥಿಗಳು ಎಲ್ಲರಿಗೂ ಅಡ್ಡಹೆಸರು ಇಟ್ಟಿದ್ದರು. ಪದರ ಪದರವಾಗಿ ಲೋಹ ಅಚ್ಚುಹಾಕುವವರು ಪದರದ ಮೇಡಂ. ಕೆಲಸಗಾರರು ಹೇಗೆ ಬಗ್ಗುತ್ತಾರೆ, ಹೇಗೆ ಎತ್ತುತ್ತಾರೆ, ಬೆನ್ನಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಅಳೆಯುವವರು ಬೆನ್ನುನೋವಿನ ಮೇಡಂ. ಯಂತ್ರದ ನಡುಕವನ್ನು ಅಳೆದು ತಡೆಯುವ ದಾರಿ ಹುಡುಕುವವರು ಕಂಪನದ ಮೇಷ್ಟ್ರು. ಇವರು ಬೆನ್ನುನೋವಿನ ಮೇಡಂ ಅವರ ಗಂಡ. ಕೊನೆಯ ಫೋಟೋ ಎರಕದ ಮೇಷ್ಟ್ರದ್ದು. ಬಣ್ಣ ಮಾಸಿದ ಹಳೇ ಫೋಟೋ. ಅದರ ಕೆಳಗೆ ಒಂದೇ ಪದ: ಎರಕ.

ಪದರದ ಮೇಡಂ ಫೋಟೋ ಮೊದಲನೆಯದು. ಅದರ ಕೆಳಗೆ ಆರು ಸಾಲು. ಆರನೆಯ ಸಾಲಿನ ಮೇಲೆ ಇನ್‌ಸ್ಪೆಕ್ಟರಿನ ಬೆರಳು ನಿಂತಿತು.

“ಇದನ್ನ ಓದಿ ದಫೇದಾರ್ರೇ.”

“ಕಂಪನ... ನಿಯಂತ್ರಣ.” ಆತ ಪಕ್ಕಕ್ಕೆ ಸರಿದು ಕಂಪನದ ಮೇಷ್ಟ್ರ ಫೋಟೋದ ಕೆಳಗೆ ನೋಡಿದ. “ಇಲ್ಲೂ ಕಂಪನ ನಿಯಂತ್ರಣ! ಒಂದೇ ಆಸಕ್ತಿ ಇಬ್ಬರಿಗೂ ಇದೆ. ಇವರದ್ದು ಹಳೇ ಚೀಟಿ, ಆಯಮ್ಮನದ್ದು ಮೊನ್ನೆ ಮೊನ್ನೆ ಅಂಟಿಸಿದ ಹಾಗಿದೆ.”

“ಆಯಮ್ಮನ ಜೇನುಗೂಡು ನಡುಕಾನ ತಾನಾಗೇ ನುಂಗುತ್ತೆ. ಅಂದ್ಮೇಲೆ ಅದನ್ನ ಅಳೆಯೋರು, ತಡೆಯೋರು ಯಾರಿಗೆ ಬೇಕು?”

ಫೋನ್ ಹೊಡೆದುಕೊಂಡಿತು. ಇನ್‌ಸ್ಪೆಕ್ಟರ್ ಹೆಸರು ನೋಡಿದಳು. ಆಮೇಲೆ ನೆಟ್ಟಗಾಗಿ, “ಎಸ್ ಮೇಡಂ” ಎಂದಳು. ನಾಳೆ ಸಂಜೆಯೊಳಗೆ ಪದರದ ಮೇಡಂ ಮೇಲೆ ಕೇಸು ಗಟ್ಟಿಮಾಡಿ ಬಂಧಿಸಬೇಕು, ಮೇಲಿನಿಂದ ಒತ್ತಡವಿದೆ ಎಂದಿತು ಆಚೆಯ ದನಿ. “ಎಸ್ ಮೇಡಂ” ಎಂದು ಇನ್ನೊಮ್ಮೆ ಹೇಳಿ ಇಟ್ಟಳು.

ದಫೇದಾರ್ ಬೇಕೆಂದೇ ಬೋರ್ಡ್ ಕಡೆ ನೋಡುತ್ತಿದ್ದ. ಆ ಮೇಲಧಿಕಾರಿ ಇನ್‌ಸ್ಪೆಕ್ಟರಿನ ಒಡಹುಟ್ಟಿದ ತಂಗಿ ಎಂಬುದು ಠಾಣೆಗೆಲ್ಲ ಗೊತ್ತು. ನಾಲ್ಕು ವರ್ಷ ಚಿಕ್ಕವಳು. ಪರೀಕ್ಷೆ ಬರೆದು ಅಕ್ಕನನ್ನು ದಾಟಿ ಮೇಲೆ ಹೋದವಳು. ಮನೆಯಲ್ಲಿ ‘ಲೇ’ ಎಂದು ಕರೆದವಳಿಗೆ ಆಫೀಸಿನಲ್ಲಿ ಸಲ್ಯೂಟ್ ಹೊಡೆಯಬೇಕು. ತಂಗಿಗೆ ಬಡ್ತಿ ಬಂದ ದಿನ ಅಕ್ಕ ಸ್ವೀಟ್ ಡಬ್ಬ ಹಿಡಿದು ಹೋಗಿದ್ದಳು. ವಾಪಸು ಬರುತ್ತ ಬಸ್ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಟ್ಟು, ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು.

ಹೊಟ್ಟೆಯುರಿ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ನೀವು ಸ್ಟೇಷನ್ನಿಗೆ ಹೋಗಿ,” ಎಂದಳು. “ನಾನು ಎರಕದ ಮೇಷ್ಟ್ರನ್ನ ನೋಡ್ಕೊಂಡು ಬರ್ತೀನಿ.”

* * *

ಎರಕ ಹೊಯ್ಯುವ ಫೌಂಡ್ರಿಯ ತಗಡಿನ ಮಾಡಿನ ಕೆಳಗೆ ಮೇಷ್ಟ್ರು ಒಬ್ಬರೇ ಮರಳು ಜರಡಿ ಹಿಡಿಯುತ್ತಿದ್ದರು. ನಿವೃತ್ತಿಗೆ ಆರು ತಿಂಗಳಿದ್ದ ಮನುಷ್ಯ. ತೋಳು ಮಡಚಿದ ಬಿಳಿ ಅಂಗಿ, ಹುಬ್ಬಿನ ಮೇಲೂ ಕರಿ ಮರಳು. ತರಗತಿ ಇಲ್ಲ, ಕುಲುಮೆ ಉರಿಯುತ್ತಿಲ್ಲ. ಆದರೂ ಜರಡಿ ಆಡುತ್ತಲೇ ಇತ್ತು.

“ಬಾಮ್ಮಾ. ಕುರ್ಚಿ ಧೂಳು, ಒರೆಸ್ಕೊಂಡು ಕೂತ್ಕೊ.”

ಇನ್‌ಸ್ಪೆಕ್ಟರ್ ಕೂರಲಿಲ್ಲ. ಚೀಲ ಬಿಚ್ಚಿ ಮುರಿದ ತುಂಡನ್ನು ಮರಳಿನ ರಾಶಿಯ ಮೇಲಿಟ್ಟಳು, ಮುರಿದ ಮುಖ ಮೇಲಾಗಿ.

ಜರಡಿ ನಿಂತಿತು.

ಮೇಷ್ಟ್ರು ಕೈ ಚಾಚಲಿಲ್ಲ. ಬಗ್ಗಿ ನೋಡಿದರು, ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು. ಅವರ ಮೊದಲ ಮಾತು ಇನ್‌ಸ್ಪೆಕ್ಟರ್ ಎಣಿಸಿದ್ದಲ್ಲ.

“ಮೂಲೇಲಿ ಗುಳ್ಳೆ ಕೂತಿದೆ. ನನ್ನ ಕೈಯಲ್ಲಿ ಗುಳ್ಳೆ ಬರಬಾರದಿತ್ತು.”

“ಅಂದ್ರೆ ಇದನ್ನ ಎರಕ ಹೊಯ್ದಿದ್ದು ನೀವೇ.”

“ನಾನೇ.”

“ಮೇಷ್ಟ್ರೇ, ಒಬ್ಬ ಮನುಷ್ಯ ಸತ್ತಿದ್ದಾನೆ.”

“ಒಬ್ಬ ಮನುಷ್ಯ ಅಲ್ಲಮ್ಮಾ. ಮೂವತ್ತು ವರ್ಷ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದೋನು ಸತ್ತಿದ್ದಾನೆ.” ಮೇಷ್ಟ್ರು ಅದೇ ಧೂಳಿನ ಕುರ್ಚಿಯ ಮೇಲೆ ಒರೆಸದೆಯೇ ಕೂತರು. “ಕೊಲ್ಲೋಕೆ ಮಾಡಿದ್ದಲ್ಲ ಅದು. ಅದಕ್ಕಿಂತ ಸಣ್ಣ ಬುದ್ಧಿಗೆ ಮಾಡಿದ್ದು. ನಿನಗೆ ಅರ್ಥ ಆಗಲ್ಲ.”

“ಆಗುತ್ತೆ. ಹೇಳಿ.”

ಅವಳ ದನಿಯಲ್ಲಿ ಏನಿತ್ತೋ, ಮೇಷ್ಟ್ರು ತಲೆ ಎತ್ತಿ ಅವಳ ಮುಖ ನೋಡಿದರು.

“ಆ ಹುಡುಗಿ ಇಲ್ಲೇ ಓದಿದ್ದು. ಮೊದಲ ವರ್ಷ ಅಚ್ಚಿಗೆ ಮರಳು ಒತ್ತೋಕೂ ಬರ್ತಿರಲಿಲ್ಲ. ಕೈ ಹಿಡಿದು ಕಲಿಸಿದೆ. ನನ್ನ ಮಗಳಿಗಿಂತ ಹೆಚ್ಚಾಗಿ ನೋಡ್ಕೊಂಡೆ. ಹೊರಗೆ ಹೋಗಿ ಓದ್ಕೊಂಡು ಬಂದ್ಲು, ಯಂತ್ರ ತರಿಸಿದ್ಲು. ಆ ಯಂತ್ರಕ್ಕೆ ಅಚ್ಚು ಬೇಡ, ಮರಳು ಬೇಡ. ಅತಿಥಿಗಳು ಬಂದ್ರೆ ಎಲ್ಲರನ್ನೂ ಅವಳ ಲ್ಯಾಬಿಗೆ ಕರ್ಕೊಂಡು ಹೋಗ್ತಾರೆ. ನನ್ನ ಫೌಂಡ್ರಿ ದಾರಿಯಲ್ಲೇ ಇದೆ. ‘ಇಲ್ಲಿ ಧೂಳು ಜಾಸ್ತಿ, ಹುಷಾರಾಗಿ ಬನ್ನಿ’ ಅಂತ ನನ್ನ ಬಾಗಿಲು ದಾಟಿಸ್ತಾರೆ. ನಾನು ಒಳಗೇ ನಿಂತಿರ್ತೀನಿ, ಅಂಗಿ ಬದಲಾಯಿಸ್ಕೊಂಡು. ಯಾರಾದ್ರೂ ಬಂದ್ರೆ ಅಂತ.”

ಹೊರಗೆ ಯಾವುದೋ ತರಗತಿ ಬಿಟ್ಟ ಗದ್ದಲ ಬಂದು ಹೋಯಿತು.

“ಅವಳು ಮಾಡಿದ್ದನ್ನ ನಾನೂ ಮಾಡಬಲ್ಲೆ ಅಂತ ತೋರಿಸಬೇಕಿತ್ತು. ಬೇರೆಯವರಿಗಲ್ಲ, ನನಗೇ. ಒಂದು ಭಾನುವಾರ ಲೇತಣ್ಣನೇ ವರ್ಕ್‌ಶಾಪಿನ ಬೀರುವಿನಿಂದ ಅವಳ ಕ್ಲ್ಯಾಂಪ್ ತಂದುಕೊಟ್ಟ. ಅಚ್ಚು ಒತ್ತಿಕೊಂಡು ಎರಕ ಹೊಯ್ದೆ. ಮೂರು ದಿನ ಉಜ್ಜಿದೆ, ಕಪ್ಪು ಹಾಕಿದೆ. ಎರಡನ್ನೂ ಲೇತಣ್ಣನ ಮುಂದಿಟ್ಟು, ‘ಯಾವುದು ಯಾರದ್ದು ಹೇಳು’ ಅಂದೆ. ಅವನು ಕಣ್ಣು ಮುಚ್ಕೊಂಡು ಎರಡೂ ಕೈಯಲ್ಲಿ ಎತ್ತಿದ. ಎತ್ತಿದೋನೇ ನಕ್ಕುಬಿಟ್ಟ. ‘ಹುಡುಗಿದು ಹಗುರ ಸಾರ್, ನಿಮ್ಮದು ಭಾರ. ಈಚೆಗೆ ನಿಮ್ಮ ಮನಸ್ಸೂ ಹಾಗೇ ಆಗಿದೆ’ ಅಂದ.”

ಇನ್‌ಸ್ಪೆಕ್ಟರ್ ಥಟ್ಟನೆ ಕೈ ಎತ್ತಿದಳು. “ತಡೀರಿ. ಎತ್ತಿದ ತಕ್ಷಣ ಅವರಿಗೆ ಗೊತ್ತಾಯ್ತು?”

“ಎತ್ತಿದ ತಕ್ಷಣ.”

“ಹಾಗಿದ್ರೆ ಅವತ್ತು ಬೆಳಗ್ಗೆ ಇದನ್ನ ಲೇತಿಗೆ ಕಟ್ಟಿದ್ದು ಲೇತಣ್ಣ ಅಲ್ಲ. ಕೈಗೆ ತಗೊಂಡಿದ್ರೆ ಇದು ಬೀಡು ಅಂತ ಗೊತ್ತಾಗ್ತಿತ್ತು, ಲೇತ್ ಹಚ್ತಾನೇ ಇರಲಿಲ್ಲ. ಅವರು ಬರೋಕೆ ಮುಂಚೆನೇ ಯಾರೋ ಕಟ್ಟಿ ಬಿಗಿದಿದ್ರು. ಪದರದ ಮೇಡಂ ಗೇಟಿನಲ್ಲಿ ಅತಿಥಿಗಳಿಗೆ ಕಾಯ್ತಿದ್ರು. ಮೇಡಮ್ಮೇ ಕಟ್ಟಿ ಹೋಗಿದ್ದಾರೆ ಅಂತ ಲೇತಣ್ಣ ಅಂದ್ಕೊಂಡ್ರು.”

ಮೇಷ್ಟ್ರು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು. ಈ ಮಾತನ್ನು ಅವರು ನಾಲ್ಕು ದಿನದ ಹಿಂದೆಯೇ ತಾವಾಗಿ ಯೋಚಿಸಿ ಮುಗಿಸಿದ್ದರು ಎಂದು ಆ ಕೂತ ರೀತಿಯೇ ಹೇಳಿತು.

“ಇದು ನಿಮ್ಮ ಹತ್ರ ಇದ್ದದ್ದು ಲೇತಿಗೆ ಹೇಗೆ ಹೋಯ್ತು?”

“ನನ್ನ ಹತ್ರ ಇರಲಿಲ್ಲ. ಹತ್ತು ದಿನದ ಹಿಂದೆ ಕಂಪನದ ಮೇಷ್ಟ್ರಿಗೆ ಕೊಟ್ಟೆ. ಬೀಡು ನಡುಕ ತಡ್ಕೊಳ್ಳುತ್ತಮ್ಮಾ; ಅದಕ್ಕೇ ಯಂತ್ರಗಳ ಮೈಯೆಲ್ಲ ಬೀಡು. ಅದೊಂದರಲ್ಲಾದ್ರೂ ನನ್ನದು ಅವಳದಕ್ಕಿಂತ ಮೇಲೆ ಬರಬಹುದು ಅಂತ ಆಸೆ. ನಿಧಾನವಾಗಿ ತಿರುಗಿಸಿ ಅಳೆದುಕೊಡಿ, ಜೋರು ಬೇಡ ಅಂದಿದ್ದೆ. ‘ಇಟ್ಟು ಹೋಗಿ ಸಾರ್, ಯಾರಿಗೂ ಹೇಳಬೇಡಿ, ನಗ್ತಾರೆ’ ಅಂದ್ರು. ಅವರ ರೂಮಿನ ಕಪಾಟಿನಲ್ಲೇ ಇಟ್ಟು ಬಂದೆ.”

“ಇಷ್ಟು ಗೊತ್ತಿದ್ದೂ ನಾಲ್ಕು ದಿನ ಬಾಯಿ ಬಿಡಲಿಲ್ಲ ನೀವು.”

“ಬಿಟ್ಟಿದ್ರೆ ಯಾಕೆ ಮಾಡಿದೆ ಅಂತಾನೂ ಹೇಳಬೇಕಿತ್ತಲ್ಲ. ಅವಳ ಎದುರಿಗೆ.”

“ಅವರು ನಾಲ್ಕು ದಿನದಿಂದ ಊಟ ಮಾಡಿಲ್ಲ ಮೇಷ್ಟ್ರೇ. ನಾಳೆ ಸಂಜೆಗೆ ನಾನು ಅವರ ಕೈಗೆ ಬೇಡಿ ಹಾಕಬೇಕು.”

ಮೇಷ್ಟ್ರು ಮರಳಿನ ಮೇಲಿದ್ದ ತುಂಡಿನ ಕಡೆ ಕೈ ತೋರಿಸಿದರು. “ಇದನ್ನ ಅವಳಿಗೆ ತೋರಿಸಿದ್ಯಾ? ನನ್ನ ಹೆಸರು ಹೇಳಿದ್ಲಾ?”

“ತೋರಿಸಿದೆ. ನಿಮ್ಮ ಹೆಸರು ಹೇಳಲಿಲ್ಲ. ನಮ್ಮ ಮೇಷ್ಟ್ರು ಹಾಗೆ ಮಾಡೋರಲ್ಲ, ಬೇಕಾದ್ರೆ ನನ್ನನ್ನೇ ಒಳಗೆ ಹಾಕಿ ಅಂದ್ರು.”

ಆ ಮಾತು ತಾಕಿದ್ದನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡಳು. ಮೇಷ್ಟ್ರು ಕುರ್ಚಿಯಿಂದ ಜಾರಿ ಮರಳಿನ ಮೇಲೆ ಕೂತುಬಿಟ್ಟರು. ಮರಳು ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡರು, ಮುಖವೆಲ್ಲ ಕಪ್ಪಾಯಿತು.

“ಕಾಗದ ಕೊಡಮ್ಮಾ,” ಎಂದರು ಕೊನೆಗೆ. “ಎಲ್ಲಾ ಬರ್ಕೊಡ್ತೀನಿ. ಅದಕ್ಕಿಂತ ಮುಂಚೆ ಅವಳ ಮನೆಗೆ ಹೋಗಿ ಬರಲಾ?”

“ಮೊದಲು ಬರೀರಿ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ.”

* * *

ಕಂಪನದ ಮೇಷ್ಟ್ರ ರೂಮಿಗೆ ಬೀಗ. ಇನ್‌ಸ್ಪೆಕ್ಟರ್ ಬೀಗ ಎಳೆದು ನೋಡುತ್ತಿರುವಾಗಲೇ ಪಕ್ಕದ ಬಾಗಿಲು ತೆರೆಯಿತು.

“ನಿಮ್ಮನ್ನೇ ಹುಡುಕ್ತಿದ್ದೆ,” ಎಂದರು ಬೆನ್ನುನೋವಿನ ಮೇಡಂ. “ಒಳಗೆ ಬನ್ನಿ.”

ಕೋಣೆ ಒಪ್ಪವಾಗಿತ್ತು. ಕಂಪ್ಯೂಟರ್ ಕಣ್ಣಿನ ಮಟ್ಟಕ್ಕೆ, ಕುರ್ಚಿ ಮೊಣಕಾಲಿನ ಮಟ್ಟಕ್ಕೆ. ಈ ಕೋಣೆಗೂ ಗಂಡನ ಕೋಣೆಗೂ ನಡುವೆ ಒಂದು ಒಳಬಾಗಿಲಿತ್ತು. ಅದಕ್ಕೆ ಚಿಲಕ ಹಾಕಿರಲಿಲ್ಲ, ಅರ್ಧ ತೆರೆದೇ ಇತ್ತು. ಗಂಡನ ಕಪಾಟು ಈ ಕಡೆಯಿಂದಲೇ ಕಾಣುತ್ತಿತ್ತು.

“ನೀವು ಒಂದೇ ಕಡೆ ವಾಲಿ ಕೂರ್ತೀರಿ, ಸೊಂಟ ಹಿಡ್ಕೊಳ್ಳುತ್ತೆ,” ಎಂದರು ಮೇಡಂ ಅಭ್ಯಾಸಬಲದಿಂದ. ಆಮೇಲೆ ಕಾರಿಡಾರಿನ ಕಡೆಯ ಬಾಗಿಲಿನ ಚಿಲಕ ಹಾಕಿ ಬಂದರು. “ನಿಮಗೊಂದು ವಿಡಿಯೋ ತೋರಿಸಬೇಕು. ವರ್ಕ್‌ಶಾಪಿನಲ್ಲಿ ಮೂರು ಕ್ಯಾಮೆರಾ ಇಡೋಕೆ ನನಗೆ ಅನುಮತಿ ಇತ್ತು. ಕೆಲಸಗಾರರ ಮುಖ, ಬಟ್ಟೆ ಯಾವುದೂ ಉಳಿಯಲ್ಲ. ಕಂಪ್ಯೂಟರ್ ಎಲ್ಲರನ್ನೂ ಚುಕ್ಕಿ ಗೆರೆ ಮಾಡಿಬಿಡುತ್ತೆ: ಭುಜ, ಸೊಂಟ, ಮಂಡಿ. ನನಗೆ ಬೇಕಿರೋದು ಬೆನ್ನು ಎಷ್ಟು ಬಗ್ಗುತ್ತೆ ಅನ್ನೋದು ಮಾತ್ರ.”

“ಆ ಮೂರನ್ನೂ ನೋಡಿದ್ದೀವಿ. ಲೇತ್ ಯಾವುದರಲ್ಲೂ ಕಾಣಲ್ಲ.”

“ನಾಲ್ಕನೆಯದರಲ್ಲಿ ಕಾಣುತ್ತೆ.”

“ನಾಲ್ಕನೆಯದು?”

ಮೇಡಂ ಕೈಬೆರಳಿನ ಉಂಗುರ ತಿರುಗಿಸಿದರು. “ಅದನ್ನ ನಾನಾಗೇ ಇಟ್ಟೆ. ಗಡಿಯಾರದ ಹಿಂದೆ. ಅದರಲ್ಲೂ ಉಳಿಯೋದು ಚುಕ್ಕಿ ಗೆರೆ ಮಾತ್ರ. ನಮ್ಮ ಯಜಮಾನ್ರು ದಿನಾ ಆ ಪದರದವಳು ಕ್ಲ್ಯಾಂಪ್ ಪರೀಕ್ಷೆ ಮಾಡೋ ಲೇತಿನ ಹತ್ರ ಹೋಗಿ ನಿಲ್ತಿದ್ರು. ಮನೆಗೆ ಬಂದ್ರೆ ಅವಳದ್ದೇ ಮಾತು. ಅವಳು ಹೀಗಂದ್ಲು, ಅವಳ ಜೇನುಗೂಡು ಹಾಗಿದೆ. ಊಟ ಬಡಿಸೋವಾಗ, ಮಲಗೋವಾಗ, ಅವಳೇ. ನೀವಾಗಿದ್ರೆ ಏನು ಅಂದ್ಕೊಳ್ತಿದ್ರಿ?”

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು.

“ಮೂರು ತಿಂಗಳು ನೋಡಿದೆ. ಇಬ್ಬರು ಮನುಷ್ಯರ ನಡುವಿನ ದೂರಾನ ಕಂಪ್ಯೂಟರ್ ತಾನೇ ಅಳೆದು ಹೇಳುತ್ತೆ. ದಿನಾ ಸಂಜೆ ಅದನ್ನೇ ತೆಗೆದು ನೋಡ್ತಿದ್ದೆ. ಎಂಬತ್ತೈದು ಸೆಂಟಿಮೀಟರಿಗಿಂತ ಹತ್ರ ಒಂದು ದಿನಾನೂ ಹೋಗಲಿಲ್ಲ. ಆದ್ರೂ ನನಗೆ ಸಮಾಧಾನ ಆಗಲಿಲ್ಲ. ಒಂದು ದಿನ ಮನೇಲಿ ಟೇಪ್ ಹಿಡ್ಕೊಂಡು ಅಳೆದೆ, ನಾನು ಕೂರೋ ಜಾಗಕ್ಕೂ ಅವರು ಕೂರೋ ಜಾಗಕ್ಕೂ. ಎರಡೂಕಾಲು ಮೀಟರ್.”

ಅವರು ನಕ್ಕರು. ಕೇಳಲಾಗದ ನಗು.

ಪರದೆಯ ಮೇಲೆ ಕಪ್ಪು ಹಿನ್ನೆಲೆ. ಲೇತಿನ ಬಿಳಿ ಗೆರೆ, ಬೀರುವಿನ ಬಿಳಿ ಗೆರೆ. ಮೂಲೆಯಲ್ಲಿ ಸಮಯ: ಅಪಘಾತದ ದಿನ, ಬೆಳಗ್ಗೆ ಏಳು ಗಂಟೆ ಐವತ್ತು ನಿಮಿಷ. ಬಾಗಿಲಿನ ಕಡೆಯಿಂದ ಒಂದು ಆಕೃತಿ ಬಂತು. ಮುಖವಿಲ್ಲ, ಉಡುಪಿಲ್ಲ, ಗಂಡೋ ಹೆಣ್ಣೋ ತಿಳಿಯುವಂತಿಲ್ಲ. ಹಸಿರು ಚುಕ್ಕಿ, ಹಳದಿ ಗೆರೆ, ಬಗಲಲ್ಲಿ ಚೀಲದ ಬಿಳಿ ಗೆರೆ. ಆಕೃತಿ ಬೀರುವಿನ ಮುಂದೆ ನಿಂತಿತು. ಕೆಳಗಿನ ಅರೆಗೆ ಕೈ ಹಾಕಬೇಕಿತ್ತು. ಕಾಲು ಅಗಲಿಸಿ, ಮಂಡಿ ಮಡಚಿ ಕೆಳಗೆ ಕೂತಿತು. ಬೆನ್ನು ಗೆರೆ ಎಳೆದ ಹಾಗೆ ನೆಟ್ಟಗೆ ಇತ್ತು. ಅಲ್ಲಿಂದ ಏನನ್ನೋ ತೆಗೆದು ಬಗಲಿನ ಚೀಲಕ್ಕೆ ಸೇರಿಸಿತು. ಅದೇ ಚೀಲದಿಂದ ಇನ್ನೇನೋ ತೆಗೆದು ಎದ್ದಿತು, ಲೇತಿನ ಕಡೆ ತಿರುಗಿ ಅದನ್ನು ಕಟ್ಟಿ ಬಿಗಿಯತೊಡಗಿತು.

ಮೇಡಂ ವಿಡಿಯೋ ನಿಲ್ಲಿಸಿದರು.

“ಈ ವರ್ಕ್‌ಶಾಪಿನಲ್ಲಿ ಯಾರೂ ಹಾಗೆ ಕೂರಲ್ಲ ಇನ್‌ಸ್ಪೆಕ್ಟರ್. ಎಲ್ಲರೂ ಸೊಂಟ ಬಗ್ಗಿಸ್ತಾರೆ. ಲೇತಣ್ಣನಿಗೆ ಹೇಳಿ ಹೇಳಿ ನನ್ನ ಗಂಟಲು ಬತ್ತಿಹೋಯ್ತು. ಮಂಡಿ ಮಡಚಿ ಬೆನ್ನು ನೆಟ್ಟಗಿಟ್ಟು ಎತ್ತೋದನ್ನ ನಾನು ಒಬ್ಬರಿಗೆ ಮಾತ್ರ ಕಲಿಸೋಕೆ ಆಗಿದ್ದು. ಹನ್ನೊಂದು ವರ್ಷ ಬೆನ್ನು ಹತ್ತಿ ಕಲಿಸಿದೆ.”

“ನಿಮ್ಮ ಯಜಮಾನ್ರಿಗೆ.”

“ಪ್ರೀತಿ ಅಂದ್ಕೊಂಡಿದ್ದೆ ನಾನು.” ಮೇಡಂ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. “ಅವಳ ಬಗ್ಗೆ ಅಷ್ಟು ಮಾತಾಡಿದ್ದು ಪ್ರೀತಿಗೆ ಅಂದ್ಕೊಂಡು ಮೂರು ತಿಂಗಳು ಬೆಂದುಹೋದೆ. ಅದು ಹೊಟ್ಟೆಕಿಚ್ಚು. ಅವರ ಇಡೀ ಬದುಕಿನ ಕೆಲಸಾನ ಅವಳು ಒಂದು ಜೇನುಗೂಡಿನಲ್ಲಿ ಮುಗಿಸಿಬಿಟ್ಲು. ಎಲ್ಲರ ಎದುರು ಅವಳ ಕ್ಲ್ಯಾಂಪ್ ಒಡೀಬೇಕು ಅಂತಿತ್ತು ಅವರಿಗೆ. ಆ ತುಂಡು ಲೇತಣ್ಣನಿಗೆ ಬಡಿಯುತ್ತೆ ಅಂತ ಯೋಚನೆ ಮಾಡಿರಲ್ಲ. ನಾಲ್ಕು ದಿನದಿಂದ ಇದನ್ನ ಅಳಿಸಿಹಾಕಬೇಕು ಅಂತ ಕೂರ್ತೀನಿ, ಕೈ ಬರಲ್ಲ.”

ಅವರು ಎದ್ದು ಕಿಟಕಿಯ ಬಳಿ ಹೋದರು. ಇನ್‌ಸ್ಪೆಕ್ಟರ್ ಪರದೆಯ ಕೆಳಗಿನ ಅಂಕಿ ಓದಿದಳು. ಆಕೃತಿಯ ಎತ್ತರ: ಐದು ಅಡಿ ಆರು ಅಂಗುಲ. ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಹೆಂಗಸರ ಪೈಕಿ ಎತ್ತರದವರು ಮೇಡಂ.

“ನಿಮ್ಮ ಯಜಮಾನ್ರು ಎಷ್ಟು ಎತ್ತರ?”

“ನನ್ನಷ್ಟೇ. ಮದುವೇಲಿ ಎಲ್ಲರೂ ಅದನ್ನೇ ಹೇಳಿ ನಗಾಡಿದ್ರು.”

ಫೋನ್ ಬಂತು. ದಫೇದಾರ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಮೇಡಂ, ಕಂಪನದ ಮೇಷ್ಟ್ರು ಸ್ಟೇಷನ್ನಿಗೆ ಬಂದಿದ್ದಾರೆ. ತಾವಾಗೇ. ಎರಡು ಹಾಳೆ ಹೇಳಿಕೆ ಬರ್ಕೊಟ್ಟಿದ್ದಾರೆ.”

“ಒಪ್ಕೊಂಡ್ರಾ?”

“ಒಪ್ಕೊಳ್ಳೋದಾ? ಕ್ಲ್ಯಾಂಪ್ ಬದಲಾಯಿಸಿದ್ದು ಅವರ ಹೆಂಡತಿಯಂತೆ. ಪದರದ ಮೇಡಂ ಮೇಲೆ ಸಂಶಯಪಟ್ಟು ಆಯಮ್ಮನ ಹೆಸರು ಕೆಡಿಸೋಕೆ ಮಾಡಿದ್ಲಂತೆ. ಗಡಿಯಾರದ ಹಿಂದೆ ಒಂದು ಕ್ಯಾಮೆರಾ ಇದೆ, ಅವಳ ಕಂಪ್ಯೂಟರಿನಲ್ಲಿ ನಾನೇ ಕಂಡೆ, ತೆಗೆಸಿ ನೋಡಿ ಅಂತಾರೆ. ಮಂಡಿ ಮಡಚಿ ನೆಟ್ಟಗೆ ಕೂತಿರೋ ಆಕೃತಿ ಕಾಣುತ್ತೆ, ಇಡೀ ಕಾಲೇಜಿನಲ್ಲಿ ಹಾಗೆ ಕೂರೋಳು ಅವಳೊಬ್ಬಳೇ ಅಂತೆ.”

ಇನ್‌ಸ್ಪೆಕ್ಟರ್ ಫೋನನ್ನು ನಿಧಾನವಾಗಿ ಕಿವಿಯಿಂದ ಇಳಿಸಿದಳು.

“ಮೇಡಂ, ಆ ನಾಲ್ಕನೇ ಕ್ಯಾಮೆರಾ ಇರೋದು ನಿಮ್ಮ ಯಜಮಾನ್ರಿಗೆ ಗೊತ್ತಿತ್ತಾ?”

“ಅವರಿಗಾ?” ಬೆನ್ನುನೋವಿನ ಮೇಡಂ ಕಿಟಕಿಯಿಂದ ತಿರುಗಿದರು. “ಸಾಧ್ಯಾನೇ ಇಲ್ಲ. ಅದು ನನಗೊಬ್ಬಳಿಗೇ ಗೊತ್ತು.”

“ಗಡಿಯಾರದ ಹಿಂದೆ ಅಂತ ಬರ್ಕೊಟ್ಟಿದ್ದಾರೆ ಅವರು. ಒಳಗೆ ಏನು ಕಾಣುತ್ತೆ ಅಂತಾನೂ ಬರೆದಿದ್ದಾರೆ. ಅದು ನೀವು ಅಂತಿದ್ದಾರೆ.”

ಮೇಡಂ ಮುಖದ ಬಣ್ಣ ಇಳಿಯಿತು. ಕಿಟಕಿಯ ಸರಳು ಹಿಡಿದುಕೊಂಡರು.

“ಅವತ್ತು ಬೆಳಗ್ಗೆ ಏಳು ಐವತ್ತಕ್ಕೆ ನೀವು ಎಲ್ಲಿದ್ರಿ?”

“ಮನೇಲಿ.”

“ಅದನ್ನ ಹೇಳೋರು ಯಾರಾದ್ರೂ ಇದ್ದಾರಾ?”

“ಯಾಕಿಲ್ಲ?” ದನಿ ಏರಿತು, ಮಾತು ಧಾವಿಸಿತು. “ಎಂಟೂವರೆವರೆಗೂ ಮನೇಲೇ ಇದ್ದೆ. ಅವರನ್ನೇ ಕೇಳಿ, ಎದುರಿಗೇ ಕೂತಿದ್ರು, ಇಬ್ಬರೂ ಒಟ್ಟಿಗೇ ತಿಂಡಿ ತಿಂ...”

ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಇನ್‌ಸ್ಪೆಕ್ಟರ್ ಎದ್ದು ನಿಂತು, ಚಿಲಕವಿಲ್ಲದ ಒಳಬಾಗಿಲನ್ನೂ ಅದರಾಚೆಯ ಕಪಾಟನ್ನೂ ಒಮ್ಮೆ ನೋಡಿದಳು. ಪರದೆಯ ಮೇಲೆ ಮುಖವಿಲ್ಲದ ಆ ಬೆನ್ನು ಲೇತಿನ ಕಡೆ ತಿರುಗಿಯೇ ಇತ್ತು.

“ಏಳು ಐವತ್ತಕ್ಕೆ ಅವರು ಮನೇಲಿ ನಿಮ್ಮ ಎದುರಿಗೆ ಕೂತಿದ್ರು ಅಂದ್ರೆ,” ಎಂದಳು ಮೆಲ್ಲಗೆ, “ಇದು ಅವರಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅವರನ್ನ ಬಿಟ್ರೆ ಹೀಗೆ ಕೂರೋಕೆ ಬರೋದು ಅವರಿಗೆ ಕಲಿಸಿದೋರಿಗೆ ಮಾತ್ರ. ಇದು ಯಾರು ಮೇಡಂ?”